ಕತ್ತಾಳೆ ದಿಂಡಿನ ಬತ್ತಳಿಕೆ

ನಾನು ಚಿಕ್ಕವಳಿದ್ದಾಗ, ಎಂಟು ವರ್ಷದವಳು ಅಂದುಕೊಳ್ಳಿ, ನಮ್ಮ ಮನೆಯ ಅಟ್ಟದ ಮೇಲೆ ಒಂದು ಬಿದಿರಿನ ಬಿಲ್ಲಿತ್ತು. ಅದಕ್ಕೆ ಹೆದೆಯಿತ್ತು, ಹುಂಜದ ಗರಿ ಕಟ್ಟಿದ ಬಾಣಗಳಿದ್ದವು, ಬೆನ್ನಿಗೆ ಹಾಕಿಕೊಳ್ಳುವ ಚರ್ಮದ ಬತ್ತಳಿಕೆಯೂ ಇತ್ತು. ಇಲ್ಲದ್ದು ಒಂದೇ, ಅದನ್ನೆಲ್ಲ ಹೊರುವಂಥ ಭುಜ. ಅಪ್ಪನ ಬಲಭುಜ ಆ ವರ್ಷ ಕೆಟ್ಟು ಕೂತಿತ್ತು.

ಅಪ್ಪ ನೀರುಗಂಟಿ. ಅಗ್ರಹಾರದ ಬೀದಿಗಳಿಗೆ ನಲ್ಲಿನೀರು ಬಿಡುವ ಕೆಲಸ ಅವರದು. ಸೊಂಟದೆತ್ತರದ ಕಬ್ಬಿಣದ ಕೀಲಿಯನ್ನು ನೆಲದ ಗುಂಡಿಯೊಳಗೆ ಇಳಿಸಿ, ಎರಡೂ ಕೈಯಲ್ಲಿ ಹಿಡಿದು ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದರು. ಸುತ್ತಿ ಸುತ್ತಿ ಭುಜದ ಕೀಲು ಸವೆದಿತ್ತು. ಕೈಯನ್ನು ಕಿವಿಗಿಂತ ಮೇಲೆ ಎತ್ತಿದರೆ ಮುಖ ಹಿಂಡಿಕೊಳ್ಳುತ್ತಿದ್ದರು. ಅಂಗಿ ತೊಡಿಸಲು ಅವ್ವ ಬೇಕಾಗುತ್ತಿತ್ತು.

ಆದರೆ ಯುಗಾದಿ ಬರುತ್ತಿತ್ತು. ಹಬ್ಬದ ಮಾರನೆಯ ದಿನ ಹೊಸತೊಡಕು. ಆ ದಿನ ಹೇಗೆ ಕಳೆಯುತ್ತದೋ ವರ್ಷವೆಲ್ಲ ಹಾಗೇ ಕಳೆಯುತ್ತದೆ ಎಂಬುದು ನಮ್ಮವರ ನಂಬಿಕೆ. ಅರಮನೆಯ ಬೇಟೆಗಳಲ್ಲಿ ಪೊದೆ ಬಡಿದು ಮೃಗಗಳನ್ನು ಎಬ್ಬಿಸುತ್ತಿದ್ದ ತಾತನ ಕಾಲದಿಂದಲೂ ಹೊಸತೊಡಕಿನ ಬೆಳಿಗ್ಗೆ ನಮ್ಮ ಮನೆಯವರು ಬಿಲ್ಲು ಹಿಡಿದು ಹೊರಡುತ್ತಿದ್ದರು. ಮಕ್ಕಳೇ, ಈಗ ಬೇಟೆ ಅಪರಾಧ, ಹಾಗೇ ಇರಬೇಕು ಕೂಡ. ಆಗ ಮೊಲಕ್ಕೆ ಮಾತ್ರ ಅನುಮತಿ ಚೀಟಿ ಸಿಗುತ್ತಿತ್ತು. ಅಪ್ಪ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಡುತ್ತಿದ್ದರು. ವರ್ಷಕ್ಕೆ ಒಂದೇ ದಿನ, ಒಂದೇ ಮೊಲ. ಬರಿಗೈಲಿ ಬಂದರೆ ಇಡೀ ವರ್ಷ ಬರಿಗೈ.

ಚರ್ಮದ ಬತ್ತಳಿಕೆಯಿಂದ ಬಾಣ ತೆಗೆಯಲು ಕೈಯನ್ನು ಭುಜದ ಮೇಲಿಂದ ಹಿಂದಕ್ಕೆ ಹಾಕಬೇಕು. ಅದು ಆಗದ ಮಾತು. ಆದ್ದರಿಂದ ಬಾಣಗಳು ಬಿಲ್ಲಿನ ಮೇಲೇ, ಎಡಗೈಯ ಪಕ್ಕದಲ್ಲೇ ಇರಬೇಕು ಎಂದು ಅಪ್ಪ ತೀರ್ಮಾನಿಸಿದರು. ಹಾಗೆ ಕಟ್ಟಿದರೆ ಬಲಗೈ ಎದೆಯ ಮುಂದೆ ಹಾದರೆ ಸಾಕು, ಬಾಣ ಸಿಗುತ್ತದೆ. ತೊಡಕು ಏನೆಂದರೆ, ಬಿಲ್ಲಿನ ಭಾರದ ಜೊತೆ ಬತ್ತಳಿಕೆಯ ಭಾರವನ್ನೂ ಎಡಗೈಯೊಂದೇ ಹೊರಬೇಕು.

ಹಬ್ಬಕ್ಕೆ ಮುಂಚಿನ ವಾರವೆಲ್ಲ ನಮ್ಮ ಹಿತ್ತಿಲಲ್ಲಿ ಬತ್ತಳಿಕೆಯ ಪರೀಕ್ಷೆ ನಡೆಯಿತು. ಪರೀಕ್ಷೆಯ ಮೇಷ್ಟ್ರು ಅಕ್ಕ. ಹದಿನಾಲ್ಕು ವರ್ಷದ ಅವಳಿಗೆ ಯಾವುದಕ್ಕೂ ಹೆದರಿಕೆಯಿರಲಿಲ್ಲ; ಮನೆಯ ಹೆದರಿಕೆಯನ್ನೆಲ್ಲ ನಾನೊಬ್ಬಳೇ ವಹಿಸಿಕೊಂಡಿದ್ದೆ. ಅಪ್ಪ ಬತ್ತಳಿಕೆ ಕಟ್ಟಿದ ಬಿಲ್ಲನ್ನು ಎಡಗೈಯಲ್ಲಿ ಮುಂದಕ್ಕೆ ಚಾಚಿ ನಿಲ್ಲುತ್ತಿದ್ದರು. ಕೈ ನಡುಗುವವರೆಗೆ ಅಕ್ಕ ಎಣಿಸುತ್ತಿದ್ದಳು.

ಮೊದಲು ಬಿದಿರಿನ ಅಂಡೆ ಕಟ್ಟಿದರು. ಹಸಿ ಬಿದಿರಿನ ವಾಸನೆ ಚೆನ್ನಾಗಿತ್ತು, ಉಳಿದದ್ದು ಚೆನ್ನಾಗಿರಲಿಲ್ಲ.

"ಅಪ್ಪ, ಕೈ ನಡುಗ್ತು! ಇಪ್ಪತ್ತೆರಡಕ್ಕೇ ನಡುಗ್ತು!"

"ನಡುಗ್ಲಿಲ್ಲ ಕಣೆ. ಸೊಳ್ಳೆ ಕಚ್ಚ್ತು."

"ಹಂಗಾದ್ರೆ ಸೊಳ್ಳೆ ಮೂವತ್ತರವರ್ಗೂ ಕಾಯ್ಬೇಕಾಗಿತ್ತು, ಬುಡಪ್ಪ."

ಅದೂ ಅಲ್ಲದೆ, ಬಿಲ್ಲು ಅಲ್ಲಾಡಿದಾಗಲೆಲ್ಲ ಬಾಣಗಳು ಅಂಡೆಯೊಳಗೆ ಗಿಲಕಿಯ ಹಾಗೆ ಸದ್ದು ಮಾಡಿದವು. ಆಮೇಲೆ ತಗಡಿನ ಡಬ್ಬಿ ಬಂತು, ಹೋಯಿತು. ಅವ್ವ ಹಳೇ ಗೋಣಿಯಿಂದ ಚೀಲ ಹೊಲಿದುಕೊಟ್ಟಳು. ಅದು ಹಗುರವಾಗಿತ್ತು, ಆದರೆ ಬಾಣದ ಮೊನೆ ಅದನ್ನು ತೂತು ಮಾಡಿಕೊಂಡು ಅಪ್ಪನ ಮೊಣಕಾಲಿಗೆ ಬಂತು.

ಕೊನೆಗೆ ಉಪಾಯ ಹೊಳೆದದ್ದು ಅಕ್ಕನಿಗೆ. ಒಣಗಿದ ಕತ್ತಾಳೆಯ ಹೂದಂಟನ್ನು ನೀವು ಎತ್ತಿ ನೋಡಿದ್ದೀರಾ? ನೋಡಲು ಮರದ ಕಂಬ, ಎತ್ತಿದರೆ ಹತ್ತಿ. ಅದರಲ್ಲಿ ಗೇಣುದ್ದ ಕುಯ್ದು ಬಿಲ್ಲಿನ ಮೇಲ್ತುದಿಗೆ ಕಟ್ಟಿದರು. ಒಳಗಿನ ಮೆತ್ತನೆಯ ದಿಂಡಿಗೆ ಬಾಣದ ಮೊನೆ ಬೆಣ್ಣೆಗೆ ಇಳಿದಂತೆ ಇಳಿದು ಅಲ್ಲೇ ಕೂತಿತು. ಕೆಳಗೆ ಬಾಣದ ಕಡ್ಡಿಗಳು ಅಲ್ಲಾಡದಿರಲೆಂದು ಅಪ್ಪ ಸೈಕಲ್ ಟ್ಯೂಬಿನ ಚೂರನ್ನು ಬಿಲ್ಲಿಗೆ ಸುತ್ತಿ, ಅದರಲ್ಲಿ ಮೂರು ಸೀಳು ಮಾಡಿದರು. ಒಂದೊಂದು ಸೀಳಿಗೆ ಒಂದೊಂದು ಬಾಣ. ಬಿಲ್ಲನ್ನು ಎಷ್ಟು ಕುಲುಕಿದರೂ ಸದ್ದಿಲ್ಲ. ಅಕ್ಕ ನೂರರವರೆಗೆ ಎಣಿಸಿ, ಮುಂದೆ ಲೆಕ್ಕ ತಪ್ಪಿ, ಪಾಸು ಎಂದು ಕೂಗಿದಳು. ಅಪ್ಪನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು.

ನನಗೆ ಮಾತ್ರ ನಗು ಬರಲಿಲ್ಲ. "ಮೂರೇನಾ ಅಪ್ಪ? ಮೂರೂ ತಪ್ಪೋದ್ರೆ?"

"ಮೂರೇ ಕಣವ್ವ. ನಮ್ಮ ಮನೇಲಿ ಯಾವತ್ತೂ ಮೂರೇ. ಮೂರರಲ್ಲಿ ಆಗ್ದೇ ಇದ್ದುದ್ದು ಮೂವತ್ತರಲ್ಲೂ ಆಗಕಿಲ್ಲ."

"ಪುಕ್ಕಲಿ," ಎಂದಳು ಅಕ್ಕ.

ಹೊಸತೊಡಕಿನ ಬೆಳಿಗ್ಗೆ ಇನ್ನೂ ಮಸುಕು. ಒಲೆಯ ಹೊಗೆ, ಹಿಂದಿನ ದಿನದ ಮಾವಿನೆಲೆಯ ತೋರಣ, ಅವ್ವ ಆಗಲೇ ಅರೆದಿಟ್ಟಿದ್ದ ಕೊತ್ತಂಬರಿ ಮೆಣಸಿನ ಮಸಾಲೆ, ಎಲ್ಲದರ ವಾಸನೆಯೂ ಸೇರಿ ಮನೆಯೇ ಹಸಿದಂತಿತ್ತು. ಆ ವರ್ಷ ಅಕ್ಕನ ಜೊತೆ ನನ್ನನ್ನೂ ಕರೆದೊಯ್ಯಲು ಅಪ್ಪ ಒಪ್ಪಿದ್ದರು. ನೀರು ತುಂಬಿದ, ಮುಚ್ಚಳದ ಹಿತ್ತಾಳೆ ಚೊಂಬನ್ನು ಹೊರುವುದು ನನ್ನ ಕೆಲಸ. ಅಪ್ಪ ಹಿತ್ತಿಲಲ್ಲಿ ಮುಖ ತೊಳೆಯುತ್ತಿದ್ದರು. ಬಿಲ್ಲು ಬಾಗಿಲಿಗೆ ಒರಗಿತ್ತು.

ನಾನು ಅದನ್ನೇ ನೋಡುತ್ತ ನಿಂತೆ. ಮೂರು ಬಾಣ. ಮೂರೂ ತಪ್ಪಿದರೆ ವರ್ಷವೆಲ್ಲ ಬರಿಗೈ. ಅಪ್ಪನ ಭುಜ ವಾಸಿಯಾಗುವುದಿಲ್ಲ. ಭುಜ ವಾಸಿಯಾಗದಿದ್ದರೆ ಕೆಲಸ ಹೋಗುತ್ತದೆ. ಅಗ್ರಹಾರಕ್ಕೆಲ್ಲ ನೀರಿಲ್ಲ. ನನ್ನ ಚಿಂತೆ ಯಾವಾಗಲೂ ಹೀಗೇ, ಮನೆಯಲ್ಲಿ ಹೊರಟು ಊರಿಗೆಲ್ಲ ಹಬ್ಬುತ್ತಿತ್ತು. ಅಟ್ಟದಿಂದ ಇನ್ನೊಂದು ಬಾಣ ಎಳೆದೆ. ಮೊನೆಯನ್ನು ದಿಂಡಿಗೆ ಚುಚ್ಚಿದೆ. ಟ್ಯೂಬಿನಲ್ಲಿ ನಾಲ್ಕನೆಯ ಸೀಳು ಇರಲಿಲ್ಲವಾದ್ದರಿಂದ ಕಡ್ಡಿಯನ್ನು ಪಕ್ಕದ ಬಾಣದ ಸೀಳಿಗೇ ಒತ್ತಿ ತುರುಕಿದೆ. ಗರಿಗಳು ಒಂದರ ಮೇಲೊಂದು ಕೂತು ಏನೂ ಗೊತ್ತಾಗುವಂತಿರಲಿಲ್ಲ. ಅಪ್ಪ ಬಂದರು, ಬಿಲ್ಲು ತೆಗೆದುಕೊಂಡರು, ಹೊರಟರು.

ಊರಿನ ಪಶ್ಚಿಮಕ್ಕೆ ಈಗ ವಿಜಯನಗರ ಬಡಾವಣೆಯ ಮನೆಗಳಿರುವ ಕಡೆ ಆಗ ಕುರುಚಲು ಬಯಲು. ತಂಗಡಿ ಗಿಡ, ಲಂಟಾನದ ಪೊದೆ, ಸಾಲು ಸಾಲು ಕತ್ತಾಳೆ. ಕಾಲಡಿಯ ಗರುಸು ಮಣ್ಣು ತಣ್ಣಗಿತ್ತು. ಹಿಂದೆ ದೂರದಲ್ಲಿ ಬೆಟ್ಟದ ಮೇಲೆ ಬಿಸಿಲು ಬೀಳುತ್ತಿತ್ತು. ಅಪ್ಪ ಕೈ ಎತ್ತಿದರು, ನಾವಿಬ್ಬರೂ ಕೂತೆವು.

ಮೊಲ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಮಣ್ಣಿನ ಬಣ್ಣವೇ. ಕಿವಿಗಳಲ್ಲಿ ಬೆಳಕು ತೂರಿ ಒಳಗಿನ ಕೆಂಪು ನರಗಳು ಕಾಣುತ್ತಿದ್ದವು. ಅಪ್ಪ ಎದೆಯ ಮುಂದಿನಿಂದ ಬಲಗೈ ಚಾಚಿ ಬಾಣ ತೆಗೆದರು. ಅವರ ಕೈಗೆ ಬಂದದ್ದು ಆ ಜೋಡಿ ಸೀಳಿನಲ್ಲಿ ಮೊದಲೇ ಇದ್ದ ಬಾಣ. ಅದು ಹೊರಬಂದದ್ದೇ ಅದರ ಪಕ್ಕ ನಾನು ತುರುಕಿದ್ದು ಸಡಿಲವಾಯಿತು. ಹೆದೆ ಹಿಂದಕ್ಕೆ ಹೋಯಿತು. ಬಾಣ ಬಿಡುವ ಆ ಗಳಿಗೆಗೆ ಸರಿಯಾಗಿ ನನ್ನ ಬಾಣ ಜಾರಿ ಬಿಲ್ಲಿಗೆ ಬಡಿಯಿತು. ಟಕ್.

ಅಷ್ಟೇ ಸದ್ದು. ಮೊಲ ನೆಗೆಯಿತು. ಎದೆಗೆ ತಾಗಬೇಕಿದ್ದ ಬಾಣ ಹಿಂಗಾಲಿಗೆ ತಾಗಿತು. ಮೊಲ ಒಂದು ಸಲ ಕೂಗಿ, ಬಾಣವನ್ನು ಎಳೆದುಕೊಂಡೇ ಪೊದೆಯೊಳಗೆ ನುಗ್ಗಿ ಮಾಯವಾಯಿತು. ಮೊಲ ಕೂಗುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಗುವಿನ ಕೂಗಿನ ಹಾಗೇ ಇತ್ತು.

ಅಪ್ಪ ಬಿಲ್ಲಿನತ್ತ ನೋಡಿದರು. ಮೂರರಲ್ಲಿ ಒಂದು ಹೋದರೆ ಎರಡಿರಬೇಕಿತ್ತು. ಮೂರಿದ್ದವು. ಅವರು ನಮ್ಮ ಮುಖ ನೋಡಲಿಲ್ಲ. "ಹುಡುಕ್ರವ್ವ," ಎಂದರು, ಅಷ್ಟೇ.

ನಮ್ಮವರಲ್ಲಿ ಒಂದು ಕಟ್ಟಳೆಯಿತ್ತು. ಗಾಯಗೊಂಡ ಪ್ರಾಣಿ ಸಿಗುವವರೆಗೆ ಬಾಣ ಬಿಟ್ಟವನು ನೀರು ಮುಟ್ಟಬಾರದು. ಕಲ್ಲಿನ ಮೇಲೆ ಒಂದು ಹನಿ ರಕ್ತ, ಎಲೆಯ ಮೇಲೆ ಒಂದು ಹನಿ, ಆಮೇಲೆ ಏನೂ ಇಲ್ಲ. ಬಿಸಿಲೇರಿತು. ಲಂಟಾನದ ಮುಳ್ಳು ನನ್ನ ಲಂಗ ಹರಿಯಿತು. ಅಪ್ಪ ಹೊಟ್ಟೆಯ ಮೇಲೆ ತೆವಳಿ ಪ್ರತಿ ಪೊದೆಯ ಬುಡವನ್ನೂ ನೋಡಿದರು, ಆ ಭುಜದಲ್ಲೇ. ನನ್ನ ಕೈಯ ಚೊಂಬಿನಲ್ಲಿ ನೀರು ಕುಲುಕುತ್ತಿತ್ತು. ಅವರು ನಮಗೆ ಕುಡಿಯಲು ಹೇಳಿದರು. ಅಕ್ಕ ಒಲ್ಲೆ ಎಂದಳು. ಅವಳು ಒಲ್ಲೆ ಎಂದ ಮೇಲೆ ನಾನು ಹೇಗೆ ಕುಡಿಯಲಿ? ಮಧ್ಯಾಹ್ನ ಇಳಿಯುವವರೆಗೂ ಹುಡುಕಿದೆವು. ಆಮೇಲೆ ಬೀದಿಗೆ ನೀರು ಬಿಡುವ ಹೊತ್ತಾಯಿತೆಂದು ಅಪ್ಪ ಎದ್ದರು. ತುಂಬಿದ ಚೊಂಬನ್ನು ತುಂಬಿದ ಹಾಗೇ ಹೊತ್ತು ಹಿಂದಿರುಗಿದೆವು. ಮನೆಯಲ್ಲಿ ಅವ್ವ ಅರೆದ ಮಸಾಲೆಗೆ ಆಲೂಗಡ್ಡೆ ಹೆಚ್ಚಿ ಹಾಕಿದಳು.

ಸಂಜೆ ಅಪ್ಪನ ಹಿಂದೆ ನಾನೂ ಹೋದೆ. ಅಪ್ಪ ಗುಂಡಿಯ ಮುಚ್ಚಳ ಸರಿಸಿ ಕೀಲಿ ಇಳಿಸಿದರು. ಒಂದು ಸುತ್ತು, ನಿಂತರು. ಇನ್ನೊಂದು ಸುತ್ತು, ನಿಂತರು. ತುಟಿ ಒಡೆದಿತ್ತು. ನೆಲದೊಳಗೆ ಗುಡುಗಿದ ಹಾಗಾಯಿತು. ಬೀದಿಯುದ್ದಕ್ಕೂ ಒಂದೊಂದೇ ನಲ್ಲಿ ಕೆಮ್ಮಿ, ಉಗುಳಿ, ಸುರಿಯಲು ಶುರುವಾಯಿತು. ಇಡೀ ಅಗ್ರಹಾರದಲ್ಲಿ ನೀರಿನ ಸದ್ದು.

ಮೂಲೆಮನೆಯ ಅಜ್ಜಿ ಹೊರಗೆ ಬಂದರು. "ಏನ್ರೀ ನೀರುಗಂಟಪ್ಪ, ಮುಖ ಯಾಕೆ ಹೀಗಾಗಿದೆ? ತಗೊಳ್ಳಿ, ಒಂದು ಲೋಟ ಮಜ್ಜಿಗೆ ಕುಡೀರಿ."

"ಬ್ಯಾಡ ಕಣಮ್ಮ. ಇವತ್ತು ಬ್ಯಾಡ."

"ಹಂಗಾದ್ರೆ ಮಗುಗಾದ್ರೂ ಕೊಡ್ತೀನಿ."

ನಾನು ಬೇಡವೆಂದೆ ಎಂದು ನಿಮಗೆ ಹೇಳಬೇಕೆಂದು ತುಂಬ ಆಸೆ. ಕುಡಿದುಬಿಟ್ಟೆ. ಮಜ್ಜಿಗೆ ನೀರಲ್ಲವಲ್ಲ ಎಂದು ಮನಸ್ಸಿನಲ್ಲೇ ವಾದ ಮಾಡಿಕೊಂಡು ಕೊನೆಯ ಕರಿಬೇವಿನ ಚೂರಿನವರೆಗೂ ಕುಡಿದೆ. ಲೋಟ ಕೆಳಗಿಟ್ಟ ಮೇಲೆ ಅಪ್ಪನ ತುಟಿ ಕಂಡಿತು. ಅಳು ತಡೆಯಲಾಗಲಿಲ್ಲ.

"ನಾಲ್ಕನೇದು ನಾನೇ ಅಪ್ಪ ಇಟ್ಟಿದ್ದು. ಅಕ್ಕ ಅಲ್ಲ."

ಅಪ್ಪ ಕೀಲಿಗೆ ಒರಗಿ ಗುಂಡಿಯ ಅಂಚಿನಲ್ಲಿ ಕೂತರು. "ಗೊತ್ತು ಕಣವ್ವ. ನಿಮ್ಮಕ್ಕ ಇಡಕಿಲ್ಲ."

"ಮೂರೂ ತಪ್ಪೋದ್ರೆ ಅಂತ ಹೆದ್ರಿಕೆ ಆಯ್ತು."

"ನಂಗೂ ಆಗಿತ್ತು. ಬಿಲ್ಲು ಕೈಗ್ ತಕೊಂಡಾಗ ಅಂಬು ಎಣಿಸ್ಬೇಕು. ನಮ್ಮಪ್ಪ ಏಳ್ಕೊಟ್ಟಿದ್ ಮೊದಲ್ನೇ ಪಾಠ ಅದು. ಇವತ್ತು ಭುಜ ಏನ್ಮಾಡ್ತದೋ ಅನ್ನೋ ಹೆದ್ರಿಕೇಲಿ ಎಣಿಸ್ದೇ ಒಂಟ್ಬುಟ್ಟೆ. ನೀನಿನ್ನೂ ಮಗು. ನಾನು ಎಣಿಸ್ಬೇಕಾಗಿತ್ತು." ಆಮೇಲೆ ಎದ್ದು ಮುಂದಿನ ಬೀದಿಯ ಗುಂಡಿಗೆ ಹೋದರು.

ಮಾರನೆಯ ಬೆಳಿಗ್ಗೆ ಅವರು ಒಬ್ಬರೇ ಹೋದರು. ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಹಿಂದಿರುಗಿದರು. ಒಂದು ಕೈಯಲ್ಲಿ ಆ ಬಾಣ, ಎರಡೂ ಕೈಗೆ ಕೆಮ್ಮಣ್ಣು. ಮೊಲ ಕತ್ತಾಳೆಯ ಬುಡದಲ್ಲಿ ಸತ್ತು ಬಿದ್ದಿತ್ತಂತೆ. ಅಲ್ಲೇ ಮಣ್ಣು ಮಾಡಿದ್ದರು. ನಾನು ಹಿತ್ತಾಳೆ ಚೊಂಬು ಕೊಟ್ಟೆ. ಉಸಿರು ತೆಗೆಯದೆ ಅಷ್ಟನ್ನೂ ಕುಡಿದರು. ಗಂಟಲ ಗುಬುಟು ಮೇಲೆ ಕೆಳಗೆ ಆಡುವುದನ್ನು ನಾನು ನೋಡುತ್ತ ನಿಂತಿದ್ದೆ. ಆಮೇಲೆ ಹೆದೆ ಬಿಚ್ಚಿ, ಬಿಲ್ಲನ್ನು ಅಟ್ಟದ ಮೇಲಿಟ್ಟರು. ದೇವರ ಪಟದ ಹಿಂದಿನ ಚೀಟಿಯನ್ನು ಮತ್ತೆಂದೂ ಬರೆಸಲಿಲ್ಲ. ಕತ್ತಾಳೆ ದಿಂಡಿಗೆ ಅಕ್ಕ ಬಹಳ ವರ್ಷ ಹೊಲಿಗೆಯ ಸೂಜಿ ಚುಚ್ಚಿಡುತ್ತಿದ್ದಳು.

ಈಗ ನಾವಿರುವುದು ವಿಜಯನಗರದಲ್ಲೇ. ಮೊಲ ಕೂತಿದ್ದ ಜಾಗ ಯಾರ ಮನೆಯ ಕಾರು ನಿಲ್ಲಿಸುವ ಕಡೆ ಇದೆಯೋ ಗೊತ್ತಿಲ್ಲ. ನನ್ನ ಮೊಮ್ಮಗಳು ಭಾನುವಾರ ಬಿಲ್ಲುವಿದ್ಯೆಯ ತರಗತಿಗೆ ಹೋಗುತ್ತಾಳೆ. ಅವಳ ಗುರಿ ಬಣ್ಣದ ವೃತ್ತಗಳಿರುವ ಹಾಳೆ. ತಾಗಿದರೂ ತಪ್ಪಿದರೂ ಅದು ಕೂಗುವುದಿಲ್ಲ. ನನಗದು ದೊಡ್ಡ ಸಮಾಧಾನ. ಹೋದ ತಿಂಗಳು ಅವಳು ಫೋನಿನಲ್ಲಿ ಹತ್ತಾರು ಬತ್ತಳಿಕೆ ತೋರಿಸಿ, ಪ್ರತಿಯೊಂದರ ತೂಕವನ್ನೂ ಗ್ರಾಮಿನಲ್ಲಿ ಓದಿ ಹೇಳಿ, ಯಾವುದು ತಗೊಳ್ಳಲಿ ಅಜ್ಜಿ ಎಂದು ಕೇಳಿದಳು. ಅಲ್ಲಾಡಿಸಿದರೆ ಸದ್ದು ಮಾಡದ್ದು ಎಂದೆ. ಫೋನಿನಲ್ಲಿ ಅಲ್ಲಾಡಿಸುವುದು ಹೇಗೆ ಎಂದು ನಕ್ಕಳು.

ಮೊನ್ನೆ ಹೊಸ ಬತ್ತಳಿಕೆ ಬಂತು. ತರಗತಿಗೆ ಹೊರಡುವ ಮುಂಚೆ ಅವಳ ಚೀಲದಲ್ಲಿ ನಾನು ಎರಡನೆಯ ಟೋಪಿ, ಎರಡನೆಯ ಕರವಸ್ತ್ರ, ಅಕಸ್ಮಾತ್ ಬೇಕಾದರೆ ಇರಲಿ ಎಂದು ಬಿಸ್ಕತ್ತು, ಎಲ್ಲ ತುಂಬಿದೆ. ಇಷ್ಟು ವರ್ಷವಾದರೂ ನಾನು ಸುಧಾರಿಸಿಲ್ಲ. ಮೇಜಿನ ಮೇಲೆ ಒಂದು ಬಾಣ ಹೆಚ್ಚಾಗಿ ಉಳಿದಿತ್ತು. ಅದನ್ನು ಎತ್ತಿಕೊಂಡೆ. ಕೈ ಬತ್ತಳಿಕೆಯವರೆಗೂ ಹೋಯಿತು.

"ಅಜ್ಜಿ, ಆರು ಇದೆ. ನಾನು ಎಣಿಸಿದ್ದೀನಿ," ಎಂದಳು ಅವಳು, ಬೂಟಿನ ದಾರ ಕಟ್ಟುತ್ತ, ತಲೆ ಕೂಡ ಎತ್ತದೆ.

ನಾನು ಬಾಣವನ್ನು ಮೇಜಿನ ಮೇಲೇ ಇಟ್ಟೆ. ಅವಳು ಮೆಟ್ಟಿಲು ಹಾರಿ ಇಳಿದು ಹೋದಳು. ಬಾಗಿಲಲ್ಲಿ ನಿಂತು ಕಿವಿಗೊಟ್ಟೆ. ಬತ್ತಳಿಕೆಯಿಂದ ಒಂದು ಸದ್ದೂ ಬರಲಿಲ್ಲ. ಒಳಗೆ ಬಂದು, ಅಪ್ಪನ ಹಾಗೆ ಅಲ್ಲಿಯವರೆಗೆ ಮುಟ್ಟದಿದ್ದ ನೀರನ್ನು, ಆ ದಿನದ ಮೊದಲನೆಯ ಲೋಟ, ಕುಡಿದೆ.