ತಪಸ್ಸುಕಾಲದ ಬೆಲ್ಲ

ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಮುಳುಗಿದ ಮೇಲೆ ಸಾಗರದ ಅಂಚಿನ ನಮ್ಮ ಬೀದಿಗೆ ಬಂದವರಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಮಗ ಸಾಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಜ್ಜಿಯ ಎಡಗಾಲಿನಲ್ಲಿ ಅಂಗೈಯಗಲದ ಹುಣ್ಣು. ನನ್ನ ಅಮ್ಮ ನರ್ಸ್. ಪಟ್ಟಿ ಕಟ್ಟುವುದನ್ನು ನನಗೂ ಕಲಿಸಿದ್ದರು. ಆ ವರ್ಷ, ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾದ ಬುಧವಾರ, ಡೈರಿಯಲ್ಲಿ ಎರಡು ಕಲಂ ಎಳೆದೆ. ಮೊದಲನೆಯದು: ದಿನವೂ ಅಜ್ಜಿಗೆ ಪಟ್ಟಿ. ಎರಡನೆಯದು: ಊಟದ ಹೊತ್ತು ಬಿಟ್ಟು ಬಾಯಿಗೆ ಏನೂ ಇಲ್ಲ.

ಅಜ್ಜಿಗೆ ಒಂದೇ ಆಸೆ. ಬೇಸಿಗೆಯಲ್ಲಿ ನೀರು ಇಳಿದಾಗ ಹೊನ್ನೆಮರಡಿನ ಕಡೆ ಅವರ ಹಳೆಯ ಮನೆಯ ಬಾವಿಕಟ್ಟೆ ಮೇಲೆ ಕಾಣುತ್ತಿತ್ತಂತೆ.

"ಮಳೆ ಹಿಡಿಯೋದ್ರೊಳಗೆ ನಾ ನಡ್ಕೊಂಡೇ ಹೋಗಿ ನೋಡ್ಬೇಕು."

"ನಾ ಹೊತ್ಕೊಂಡ್ ಹೋಗ್ತೀನಿ ಅಂದ್ರೆ ಬೈತಾಳೆ," ಎಂದ ಮಗ.

"ಹೊರೋಕೆ ನಾನೇನ್ ಹೆಣವಾ?"

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಅಜ್ಜಿ ದಿನವೂ ಇಡುತ್ತಿದ್ದರು. ನಾನು ದಿನವೂ "ಬೇಡ ಅಜ್ಜಿ" ಎನ್ನುತ್ತಿದ್ದೆ. ಉಪವಾಸವನ್ನು ಹೇಳಿಕೊಂಡು ತಿರುಗಬಾರದೆಂದು ಕಲಿತಿದ್ದರಿಂದ ಕಾರಣ ಹೇಳುತ್ತಿರಲಿಲ್ಲ. ಹನ್ನೊಂದನೆಯ ದಿನ ಅವರು ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

"ನಮ್ಮನೆ ಲೋಟ ಮುಟ್ಟಕ್ಕೆ ಹೇಸೋಳು ನನ್ ಕಾಲ್ ಯಂತಕ್ಕೆ ಮುಟ್ತೀಯ? ಹೋಗು."

ಎರಡು ದಿನ ಹೋಗಿ ಬಾಗಿಲಲ್ಲೇ ನಿಂತು ವಾಪಸು ಬಂದೆ. ಮೂರನೆಯ ದಿನ ಬೆಳಿಗ್ಗೆ ಮಗ ಬಂದು, ಕಾಲು ಊದಿಕೊಂಡಿದೆ, ಆಸ್ಪತ್ರೆಗೂ ಒಲ್ಲೆ ಎನ್ನುತ್ತಾಳೆ ಎಂದ. ಅಮ್ಮ ನನ್ನನ್ನು ವಿಚಾರಿಸಿದರು. ಹೇಳಿದೆ.

"ಅಯ್ಯೋ ಪೆದ್ದಿ! ನಿನ್ನ ಉಪವಾಸ ಯೇಸುಗೆ ಗೊತ್ತು. ಅಜ್ಜಿಗೆ ಹ್ಯಾಗೆ ಗೊತ್ತಾಗ್ಬೇಕು?" ಎಂದು ಪಟ್ಟಿಯ ಡಬ್ಬಿಯನ್ನು ನನ್ನ ಕೈಗೆ ತುರುಕಿದರು.

ಹೋಗಿ ಜಗುಲಿಯ ಮೇಲೆ ಕೂತೆ. ಅಜ್ಜಿ ಗೋಡೆ ನೋಡುತ್ತಿದ್ದರು.

"ಅಜ್ಜಿ, ಬೆಲ್ಲ ಕೊಡಿ."

"ಮುಗ್ದೋಗಿದೆ."

"ಡಬ್ಬಿ ನಿಮ್ ಬೆನ್ನ ಹಿಂದೇನೇ ಇದೆ."

ಅವರು ಕೊಟ್ಟ ತುಂಡು ನಿಂಬೆಹಣ್ಣಿನಷ್ಟಿತ್ತು. ಪೂರ್ತಿ ತಿಂದು, ನೀರು ಕುಡಿದು, ಆಮೇಲೆ ವ್ರತದ ವಿಷಯ ಹೇಳಿದೆ.

"ನಾವೂ ಸೋಮವಾರ ಒಪ್ಪತ್ತು ಮಾಡ್ತೀವಪ್ಪ. ಬಾಯ್ಬಿಟ್ ಹೇಳಕ್ಕೆ ಎಂತಾಗಿತ್ತು ನಿಂಗೆ? ಗೊತ್ತಿದ್ರೆ ಬೆಲ್ಲ ಇಡ್ತಿರ್ಲಿಲ್ಲ."

"ಮತ್ತೇನ್ ಇಡ್ತಿದ್ರಿ?"

"ಮಜ್ಜಿಗೆ."

ನನಗೆ ನಗು ತಡೆಯಲಿಲ್ಲ. ಅವರೂ ನಕ್ಕು ಕಾಲು ಚಾಚಿದರು. ಹಳೆಯ ಪಟ್ಟಿ ಹುಣ್ಣಿಗೆ ಅಂಟಿಕೊಂಡಿತ್ತು. ಬಿಸಿನೀರು ಹಾಕಿ ಹಾಕಿ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಜ್ಜಿ ಹಲ್ಲು ಕಚ್ಚಿಕೊಂಡು, ನಡುನಡುವೆ ನನ್ನ ಹೆರಳು ಕಟ್ಟುವ ಕ್ರಮವನ್ನು ಆಡಿಕೊಂಡರು.

ಎರಡನೆಯ ಕಲಮಿನಲ್ಲಿ ಅಂದಿನಿಂದ ಈಸ್ಟರ್‌ವರೆಗೆ ದಿನಕ್ಕೊಂದು ತಪ್ಪು ಗುರುತು. ಅಜ್ಜಿ ಮಜ್ಜಿಗೆಯನ್ನೇ ಇಡುತ್ತಿದ್ದರು, ನಾನು ಕುಡಿಯುತ್ತಿದ್ದೆ. ಮೊದಲ ಎರಡು ದಿನ ಮನಸ್ಸಿಗೆ ಚುಚ್ಚಿತು. ಆಮೇಲೆ ಮಜ್ಜಿಗೆಗೆ ಉಪ್ಪು ಸಾಲದೆಂದು ಹೇಳುವಷ್ಟು ಸಲಿಗೆ ಬಂತು. ಈಸ್ಟರ್ ದಿನ ಹುಣ್ಣು ಹುಣಸೆ ಬೀಜದಷ್ಟಾಗಿತ್ತು. ಹಬ್ಬ ಮುಗಿಯಿತೆಂದು ನಾನು ನಿಲ್ಲಿಸಲಿಲ್ಲ. ಮೇ ಎರಡನೆಯ ವಾರ ಚರ್ಮ ಪೂರ್ತಿ ಕೂಡಿಕೊಂಡಿತು.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿಸಿ ಬಂದವಳೇ ಅಜ್ಜಿ ಮತ್ತು ಮಗನ ಜೊತೆ ಬಸ್ಸು ಹತ್ತಿದೆ. ಇಳಿದ ಮೇಲೆ ಎರಡು ಮೈಲಿ ನಡಿಗೆ. ಅಜ್ಜಿ ಏಳು ಕಡೆ ಕೂತರು. ಒಮ್ಮೆಯೂ ಮಗನ ಹೆಗಲು ಹಿಡಿಯಲಿಲ್ಲ. ಒಣಗಿ ಬಿರಿದ ಕೆಸರಿನ ನಡುವೆ ಬಾವಿಕಟ್ಟೆ ಇತ್ತು, ಒಂದು ಮಗ್ಗುಲು ಕುಸಿದಿತ್ತು. ಅಜ್ಜಿ ಬಗ್ಗಿ ನೋಡಿದರು. ಒಳಗೆ ಕಂಠದವರೆಗೆ ಹೂಳು.

"ಇಲ್ಲೇ ಕೊಡ ಒಡ್ದು ನಮ್ಮತ್ತೆ ಹತ್ರ ಬೈಸ್ಕೊಂಡಿದ್ದು. ಮದ್ವೆಯಾಗಿ ಮೂರೇ ದಿನ ಆಗಿತ್ತು," ಎಂದು ಕಟ್ಟೆಯ ಮೇಲೆ ಕೂತು, ಯಾವ ಮನೆಯವರು ಯಾವ ಹೊತ್ತಿಗೆ ನೀರಿಗೆ ಬರುತ್ತಿದ್ದರೆಂದು ಒಬ್ಬೊಬ್ಬರನ್ನೇ ಹೇಳಿದರು. ಆಮೇಲೆ ಸೀರೆ ಕೊಡವಿಕೊಂಡು ಎದ್ದರು.

"ನೋಡಾಯ್ತು. ಏಳ್ರಿ, ಬಸ್ ತಪ್ತದೆ."

ನಾವಿಬ್ಬರೂ ಏಳುವಷ್ಟರಲ್ಲಿ ಅವರು ದಿಬ್ಬ ಹತ್ತತೊಡಗಿದ್ದರು.