ಕೆರೆ ಒಡೆದ ವಾರದ ನಡವಳಿ

“ನೀರಗಂಟಿ ಓಬಳಪ್ಪ ತೂಬೆತ್ತದೆ ಮಲಗಿಬಿಟ್ಟ, ಅದಕ್ಕೇ ಕೆರೆ ಒಡೆಯಿತು.”

ನಮ್ಮೂರಿನಲ್ಲಿ ಈ ವಾಕ್ಯವನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಆದರೂ ಎಲ್ಲರಿಗೂ ಗೊತ್ತಿರುತ್ತದೆ. ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವ ಬಸ್ಸು ನಮ್ಮ ಕೆರೆಯ ಏರಿಯನ್ನು ಹಾಯುವಾಗ, ಮತ್ತೆ ಕಟ್ಟಿದ ಭಾಗದ ಬಿಳಿಗಲ್ಲನ್ನು ತೋರಿಸಿ ಕಂಡಕ್ಟರೂ ಇದನ್ನೇ ಹೇಳುತ್ತಾನೆ. ಅವನು ಕೊರಟಗೆರೆಯವನು, ಕೆರೆ ಒಡೆದಾಗ ಹುಟ್ಟಿಯೂ ಇರಲಿಲ್ಲ.

ಕಳೆದ ತಿಂಗಳು ಗ್ರಾಮಸಭೆಯಲ್ಲಿ ಅದೇ ವಾಕ್ಯ ಮತ್ತೊಮ್ಮೆ ನನ್ನ ಕಿವಿಗೆ ಬಿತ್ತು. ಕೆರೆಯ ತೂಬನ್ನು ಎತ್ತಿ ಗದ್ದೆಗಳಿಗೆ ನೀರು ಹಂಚುವವನನ್ನು ಹಿಂದೆ ನೀರಗಂಟಿ ಎನ್ನುತ್ತಿದ್ದೆವು. ಈಗ ಕುಡಿಯುವ ನೀರಿನ ಟ್ಯಾಂಕ್ ತುಂಬಿಸಿ ವಾಲ್ವ್ ತಿರುಗಿಸುವವರಿಗೂ ಅದೇ ಹೆಸರು ಉಳಿದಿದೆ. ಆ ಕೆಲಸಕ್ಕೆ ಓಬಳಪ್ಪನ ಮೊಮ್ಮಗಳು ಭಾಗ್ಯ ಅರ್ಜಿ ಹಾಕಿದ್ದಳು. ಐಟಿಐ ಮುಗಿಸಿದವಳು, ಮೋಟರು ಬಿಚ್ಚಿ ಕಟ್ಟಬಲ್ಲವಳು. ಸಭೆಯಲ್ಲಿ ಅರ್ಜಿಯನ್ನು ಓದಿದ ಕೂಡಲೇ ಕಡಲೆಕಾಯಿ ಮಂಡಿಯ ಚಿಕ್ಕರಂಗಪ್ಪ ಕುಳಿತಲ್ಲಿಂದಲೇ ಅಂದ: “ತಾತ ಕೆರೆ ಒಡ್ಸ್ದ. ಇನ್ನು ಮೊಮ್ಮಗಳ ಕೈಗೆ ಟ್ಯಾಂಕ್ ಕೊಟ್ರೆ ಹೆಂಗಪ್ಪ?” ಜನ ನಕ್ಕರು. ಭಾಗ್ಯ ಮಾತ್ರ ತನ್ನ ಫೈಲನ್ನು ಎದೆಗೊತ್ತಿಕೊಂಡು ನಿಂತಿದ್ದಳು.

ಇಂಥ ಮಾತು ಕೇಳಿದರೆ ನಾನು ಸುಮ್ಮನಿರಲಾರೆ. ಓದುಗರೇ, ನನ್ನ ಈ ಚಾಳಿಯ ಮೂಲವನ್ನು ಹೇಳಿಬಿಡುತ್ತೇನೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಸೈಕಲ್ ಅಂಗಡಿ ಇಟ್ಟವನು. ಒಮ್ಮೆ ಸಿರಾದ ಸಂತೆಯಲ್ಲಿ ಹುರಿಗಡಲೆ ಮಾರುವ ಸಾಬರೊಬ್ಬರು ಪೊಟ್ಟಣ ಕಟ್ಟಲು ತರ್ಕಶಾಸ್ತ್ರದ ಪಠ್ಯಪುಸ್ತಕವೊಂದನ್ನು ಹರಿಯುತ್ತಿದ್ದರು. ಉಳಿದದ್ದನ್ನು ಕೊಡಿ ಎಂದು ಬೇಡಿದೆ. “ಲೇಲೋ ಭಾಯ್, ಓದಿ ಏನು ಮಾಡ್ತೀಯೋ,” ಎಂದು ಕೊಟ್ಟರು. ಸರಿಯಾಗಿ ಯೋಚಿಸುವುದು ಹೇಗೆಂಬ ಅಧ್ಯಾಯಗಳು ಅಷ್ಟರಲ್ಲೇ ಹುರಿಗಡಲೆಯೊಂದಿಗೆ ಹೊರಟುಹೋಗಿದ್ದವು. ನನ್ನ ಪಾಲಿಗೆ ಬಂದದ್ದು ಜನ ತಪ್ಪಾಗಿ ವಾದಿಸುವ ಬಗೆಗಳನ್ನು ವಿವರಿಸುವ ಕೊನೆಯ ಅಧ್ಯಾಯ ಮಾತ್ರ. ಅದನ್ನು ಬಾಯಿಪಾಠವಾಗುವಷ್ಟು ಓದಿದೆ. ಅಂದಿನಿಂದ ಅಂಗಡಿಗೆ ಪಂಕ್ಚರ್ ಹಾಕಿಸಲು ಬಂದವರು ತಮ್ಮ ಮಾತಿಗೂ ತೇಪೆ ಹಾಕಿಸಿಕೊಂಡೇ ಹೋಗಬೇಕಾಯಿತು. ಸೊಸೆ ಬಂದ ತಿಂಗಳಲ್ಲೇ ಎಮ್ಮೆ ಸತ್ತಿತೆಂದು ಯಾರಾದರೂ ಕೊರಗಿದರೆ, ಒಂದರ ನಂತರ ಇನ್ನೊಂದು ಆದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯಿತೆಂದು ಹೇಳಲಾಗದು ಎಂದು ಪಂಪು ಕೆಳಗಿಟ್ಟು ವಿವರಿಸುತ್ತಿದ್ದೆ. ಊರು ನನಗೆ ತರ್ಕದ ಮೇಷ್ಟ್ರು ಎಂದು ಹೆಸರಿಟ್ಟಿತು. ನನ್ನ ಹೆಂಡತಿ ಮಾತ್ರ ಒಮ್ಮೆ, ಒಲೆಯ ಮುಂದಿನಿಂದ ಏಳದೆಯೇ, “ಊರೋರ್ ತಪ್ಪೆಲ್ಲಾ ಎತ್ತಾಡ್ತೀರಲ್ಲ, ನಿಮ್ದು ಒಂದಾನ ಆ ಪುಸ್ತಕದಾಗೆ ಸಿಕ್ಕೈತಾ?” ಎಂದು ಕೇಳಿದ್ದಳು. ಹೆಂಗಸರಿಗೆ ಶಾಸ್ತ್ರ ತಿಳಿಯದೆಂದು ನಕ್ಕುಬಿಟ್ಟಿದ್ದೆ. ಆ ನಗುವೂ ಒಂದು ತಪ್ಪು ವಾದವೇ ಎಂಬುದು ಆಗ ಹೊಳೆಯಲಿಲ್ಲ.

ಅಂದು ಸಭೆಯಲ್ಲಿಯೂ ಎದ್ದು ನಿಂತೆ. ತಾತನ ತಪ್ಪು ರಕ್ತದಲ್ಲಿ ಹರಿದು ಮೊಮ್ಮಗಳಿಗೆ ಬರುವುದಿಲ್ಲ, ಅರ್ಜಿಯನ್ನು ತೂಗಬೇಕೇ ಹೊರತು ಮನೆತನವನ್ನಲ್ಲ ಎಂದೆ. ಇಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಕೇಳುವವರು ಇದ್ದಾರೆಂಬ ಹುಮ್ಮಸ್ಸಿನಲ್ಲಿ, ತಾತನದೇ ತಪ್ಪೆಂಬುದಕ್ಕೆ ಆಧಾರವೇನು, ಈ ಮಾತನ್ನು ಮೊದಲು ಹುಟ್ಟಿಸಿದ ಪುಣ್ಯಾತ್ಮ ಯಾರು ಎಂದೂ ಕೇಳಿಬಿಟ್ಟೆ.

ಚಿಕ್ಕರಂಗಪ್ಪ ನನ್ನನ್ನು ವಿಚಿತ್ರವಾಗಿ ನೋಡಿದ. ಅವನ ದನಿಯಲ್ಲಿ ಗೇಲಿ ಇರಲಿಲ್ಲ.

“ನೀನೇ ಅಲ್ವೇನಣ್ಣ? ಒಡೆಯೋಕ್ ಮುಂಚೆ ಏರಿ ಮ್ಯಾಲಿದ್ದೋನು ಅವನೊಬ್ನೇ, ಅವನು ಮನೆಗ್ ಹೋದ್ಮೇಲೆ ಒಡೀತು, ಇನ್ಯಾರು ಕಾರಣ ಅಂತ ಕೇಳ್ದೋನು ನೀನೇಯ. ನಾವು ಓದ್ದೋರಾ? ನೀನ್ ಹೇಳ್ದೆ, ನಾವು ಹೂಂ ಅಂದ್ವಿ.”

ಇಲ್ಲ ಎಂದೆ. ನಾನು ಅಂಥ ಮಾತು ಆಡಿರಲು ಸಾಧ್ಯವೇ ಇಲ್ಲ ಎಂದೆ. ಆಗ ಭಾಗ್ಯ ಮೊದಲ ಬಾರಿಗೆ ಬಾಯಿ ತೆರೆದಳು. “ಆಡಿದ್ರೋ ಇಲ್ವೋ, ಅದೊಂದು ಹೇಳ್ಬುಡಿ ತಾತ. ನಮ್ ತಾತ ಊರು ಬುಟ್ಟೋಗಿ ಪಾವಗಡದ್ ತಾವ ಯಾರ್ದೋ ಜಗುಲಿ ಮ್ಯಾಲೆ ಸತ್ತಿದ್ದು ಇದೇ ಮಾತಿಗೆ.” ನೆನಪಿಲ್ಲಮ್ಮ ಎಂದೆ. ಅದು ನಿಜವೂ ಆಗಿತ್ತು. ತೀರ್ಮಾನವನ್ನು ಮುಂದಿನ ಸಭೆಗೆ ಹಾಕಿದರು.

ನೆನಪಿದ್ದದ್ದು ಓಬಳಪ್ಪನ ಕಾಲುಗಳು. ಆತ ಎಂದೂ ಚಪ್ಪಲಿ ಮೆಟ್ಟಿದವನಲ್ಲ. ಕೆರೆಯಲ್ಲಿ ನೀರಿದ್ದ ದಿನಗಳಲ್ಲಿ, ಬಿಸಿಲು ಏರಿದ ಮೇಲೆ, ಏರಿಯ ಹೊರಮಗ್ಗುಲ ಬುಡದಲ್ಲಿ ಈ ಕೊನೆಯಿಂದ ಆ ಕೊನೆಗೆ ಬರಿಗಾಲಿನಲ್ಲಿ ನಿಧಾನವಾಗಿ ನಡೆಯುತ್ತಿದ್ದ. ಕಾದ ಮಣ್ಣಿನ ನಡುವೆ ಎಲ್ಲಾದರೂ ಅಂಗಾಲಿಗೆ ತಂಪು ತಗುಲಿದರೆ, ಅಲ್ಲಿ ಏರಿಯೊಳಗಿಂದ ನೀರು ಜಿನುಗುತ್ತಿದೆ ಎಂದು ಅರ್ಥ. ಆ ಜಾಗಕ್ಕೆ ಲಕ್ಕಿಸೊಪ್ಪಿನ ಕಡ್ಡಿ ನೆಟ್ಟು ಮಣ್ಣು ಹಾಕಿಸುತ್ತಿದ್ದ. ಕಣ್ಣಿಗೆ ಕಾಣುವುದಕ್ಕೆ ಎರಡು ದಿನ ಮೊದಲೇ ಅವನ ಕಾಲಿಗೆ ಗೊತ್ತಾಗುತ್ತಿತ್ತು. ಇಂಥವನು ಮಲಗಿಬಿಟ್ಟ ಎಂಬುದನ್ನು ಇಷ್ಟು ವರ್ಷ ನಾನು ಹೇಗೆ ನಂಬಿದೆ?

ಮರುದಿನ ಪಂಚಾಯಿತಿ ಕಚೇರಿಗೆ ಹೋಗಿ ಹಳೆಯ ನಡವಳಿ ಪುಸ್ತಕ ಕೇಳಿದೆ. ಕೆಂಪು ಬಟ್ಟೆಯ ಗಂಟು ಬಿಚ್ಚಿ ಕೊಟ್ಟರು. ತೆರೆದ ಕೂಡಲೇ ಕಂಡದ್ದು ನನ್ನದೇ ಅಕ್ಷರ. ಆ ಕಾಲದಲ್ಲಿ ಕೈಬರಹ ಚೆನ್ನಾಗಿದೆಯೆಂದು ನಡವಳಿ ಬರೆಯಲು ನನ್ನನ್ನೇ ಕೂರಿಸುತ್ತಿದ್ದರು. ಕೆರೆ ಒಡೆದ ಮೇಲಿನ ಸಭೆಯ ಪುಟದಲ್ಲಿ ಚಿಕ್ಕರಂಗಪ್ಪ ಹೇಳಿದ ಮಾತು ಹಾಗೆಯೇ ಇತ್ತು. ಓಬಳಪ್ಪನ ಪರವಾಗಿ ಅವನ ಅಣ್ಣ ಹೇಳಿದ್ದನ್ನು “ಒಡಹುಟ್ಟಿದವನ ಮಾತಾದ್ದರಿಂದ ಪರಿಗಣಿಸತಕ್ಕದ್ದಲ್ಲ” ಎಂದು ಬರೆದಿದ್ದೆ. “ಒಂದೋ ಮಲಗಿರಬೇಕು, ಇಲ್ಲವೇ ಬೇಕೆಂದೇ ತೂಬು ಮುಚ್ಚಿರಬೇಕು” ಎಂದು, ಮೂರನೆಯ ದಾರಿಯೇ ಇಲ್ಲದಂತೆ, ಅಂದವಾಗಿ ಬರೆದಿದ್ದೆ. ನನ್ನ ಕೊನೆಯ ಅಧ್ಯಾಯದ ಉದಾಹರಣೆಗಳೆಲ್ಲ ಒಂದೇ ಪುಟದಲ್ಲಿದ್ದವು. ಸಂತೆಯಲ್ಲಿ ಪುಸ್ತಕ ಸಿಕ್ಕಿದ್ದು ಇದಕ್ಕೂ ಮೊದಲೇ.

ಹಾಳೆಯನ್ನು ಹಿಂದಕ್ಕೆ ಮಗುಚಿದೆ. ಅಲ್ಲಿ ಕೆರೆ ಒಡೆಯುವುದಕ್ಕೆ ಮೂರು ದಿನ ಮೊದಲಿನ ಸಭೆಯ ನಡವಳಿ.

“ನೀರಗಂಟಿ ಓಬಳಪ್ಪನು ಹಾಜರಾಗಿ, ಏರಿಯ ಬುಡದಲ್ಲಿ ನೀರು ಜಿನುಗುವುದಾಗಿಯೂ, ತೂಬೆತ್ತಿ ಎರಡು ಮೊಳ ನೀರು ಇಳಿಸಲು ಅಪ್ಪಣೆಯಾಗಬೇಕೆಂದೂ ಅರಿಕೆ ಮಾಡಿಕೊಂಡನು. ಶುಕ್ರವಾರದ ಗಂಗೆಪೂಜೆಗೆ ಮುನ್ನ ತೂಬು ಎತ್ತಕೂಡದೆಂದು ತೀರ್ಮಾನಿಸಲಾಯಿತು.”

ಕೆರೆ ಒಡೆದದ್ದು ಗುರುವಾರ ಮಧ್ಯಾಹ್ನ.

ಮರೆತದ್ದೆಲ್ಲವೂ ಒಮ್ಮೆಗೇ ನೆನಪಿಗೆ ಬಂತು. ಎಷ್ಟೋ ವರ್ಷಗಳ ಮೇಲೆ ಕೆರೆ ತುಂಬಿತ್ತು. ತುಂಬಿದ ಕೆರೆಗೆ ಪೂಜೆಯಾಗದೆ ಒಂದು ಚೆಂಬು ನೀರನ್ನೂ ಹೊರಗೆ ಬಿಡದ ಊರು ನಮ್ಮದು. ನೀರಿನ ಬೆಲೆ ಬಲ್ಲ ಸೀಮೆಯವರು ಮಾತ್ರ ಮಾಡಬಹುದಾದ ತಪ್ಪು ಅದು. ಮೊಣಕಾಲುದ್ದ ಕೆಸರಾಗಿ ಬಂದ ಓಬಳಪ್ಪ ಬಾಗಿಲಲ್ಲೇ ನಿಂತು, “ಕಾಲು ತಣ್ಣಗಾಯ್ತಾ ಐತೆ ಸ್ವಾಮಿ, ಒಸಿ ನೀರು ಬುಟ್ಬುಡ್ತೀನಿ,” ಎಂದಿದ್ದ. ಆಗ ನಾನು ಲೇಖನಿಯಿಂದ ತಲೆಯೆತ್ತಿ ಹೇಳಿದ್ದೆ: “ಕೆಸರಾಗೆ ನಿಂತ್ರೆ ಎಲ್ರ ಕಾಲೂ ತಣ್ಣಗಾಗ್ತಾವೆ ಓಬಳಪ್ಪ. ಅದಕ್ಕೆಲ್ಲಾ ಕೆರೆ ಒಡೀತಾವಾ?” ಎಲ್ಲರೂ ನಕ್ಕಿದ್ದರು. ಓಬಳಪ್ಪನೂ ಸಂಕೋಚದಿಂದ ಸ್ವಲ್ಪ ನಕ್ಕಿದ್ದ. ಅವನ ಅಪ್ಪಣೆಯ ಕೋರಿಕೆ ಆ ನಗುವಿನಲ್ಲಿ ಮುಗಿದುಹೋಯಿತು.

ಯಾರೋ ಹಬ್ಬಿಸಿದ ಸುಳ್ಳುಗಳನ್ನು ಹಿಡಿಯುವುದೇ ನನ್ನ ಬಾಳಿನ ಕೆಲಸವೆಂದುಕೊಂಡಿದ್ದವನಿಗೆ, ನಮ್ಮೂರಿನ ಅತಿ ಗಟ್ಟಿಯಾದ ಸುಳ್ಳು ನನ್ನ ಕೈಯಿಂದಲೇ ಹೊರಟಿತ್ತೆಂದು ತಿಳಿದಾಗ ಆದ ಆಘಾತಕ್ಕೆ ಆ ಹರುಕು ಪುಸ್ತಕದಲ್ಲಿ ಹೆಸರಿರಲಿಲ್ಲ.

ಮುಂದಿನ ಸಭೆಯಲ್ಲಿ ಎರಡೂ ಪುಟಗಳನ್ನು ನಾನೇ ಓದಿದೆ. ನಡುವೆ ವಿವರಣೆ ಕೊಡಲಿಲ್ಲ; ಯಾರ ವಾದದ ತಪ್ಪನ್ನೂ ಎತ್ತಿ ತೋರಿಸಲಿಲ್ಲ. ಓದಿ ಮುಗಿಸಿದಾಗ ಚಿಕ್ಕರಂಗಪ್ಪ, “ಅವತ್ತು ನಾನೂ ನಕ್ಕಿದ್ದೆ ಕಣಣ್ಣ,” ಎಂದು ಮೊದಲು ಕೈಯೆತ್ತಿದ. ಉಳಿದ ಕೈಗಳೂ ಎದ್ದವು. ಭಾಗ್ಯಳಿಗೆ ಕೆಲಸವಾಯಿತು. ಆಕೆ ನನಗೆ ಕೈಮುಗಿಯಲಿಲ್ಲ, ಬೈಯಲೂ ಇಲ್ಲ. “ನಮ್ ತಾತ ಅರಿಕೆ ಮಾಡಿದ್ ಹಾಳೆ ಜೆರಾಕ್ಸ್ ಮಾಡ್ಸಿ ಗೋಡೆಗೆ ಹಾಕ್ಸಿ. ಓದಕ್ ಬರೋರೆಲ್ಲಾ ಓದ್ಲಿ,” ಎಂದಷ್ಟೇ ಹೇಳಿ ಬೀಗದ ಕೈ ತೆಗೆದುಕೊಂಡು ಟ್ಯಾಂಕಿನ ಕಡೆಗೆ ಹೋದಳು.

ಈಗ ನನಗೆ ಎದುರಿನವನ ಮಾತು ಮುಗಿಯುವ ಮೊದಲೇ ಬಾಯಿ ತೆರೆಯಲು ಭಯವಾಗುತ್ತದೆ. ನನ್ನ ಈ ಬರಹವನ್ನೂ ನೀವು ನಂಬಬೇಕಾಗಿಲ್ಲ. ಆ ಹಾಳೆಯ ನಕಲು ಪಂಚಾಯಿತಿಯ ಹೊರಗೋಡೆಯ ಮೇಲಿದೆ. ಮೂಲವನ್ನು ಕೇಳಿದರೆ ಒಳಗೆ ತೋರಿಸುತ್ತಾರೆ. ಕೆಳಗೆ ಎಡಕ್ಕೆ ಅರಿಕೆದಾರ ಓಬಳಪ್ಪನ ಹೆಬ್ಬೆರಳಿನ ಗುರುತು, ಗೆರೆ ಗೆರೆಯೂ ಸ್ಪಷ್ಟವಾಗಿದೆ. ಬಲಕ್ಕೆ, “ಬರೆದವರು” ಎಂಬುದರ ಮುಂದೆ, ನನ್ನ ಸಹಿಯಿದೆ.