ಅಯ್ಯನವರು ಗುಂಡಿ ಒತ್ತಿದ ಮಿಷನ್ನು

ಪಾಗೊ ಪಾಗೊ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಫೆರೆತಿಗೆ ಮೈಯೆಲ್ಲ ಉರಿಯುತ್ತಿತ್ತು. ಊರಿನ ಮೇಲೆ ದ್ವೇಷವೇನಿಲ್ಲ; ಅವನ ಹೆಂಡತಿಯ ತವರೇ ಅದು. ಉರಿಯೆಲ್ಲ ಅಲ್ಲಿಂದ ಹಡಗಿನಲ್ಲಿ ಬರುವ ಬಟ್ಟೆ ಒಗೆಯುವ ಮಿಷನ್ನುಗಳ ಮೇಲೆ. ಪಾಗೊ ಇರುವುದು ಅಮೆರಿಕದ ಕೈಕೆಳಗಿನ ಸಮೋವಾದಲ್ಲಿ, ಅಲ್ಲಿಯದು ಅಮೆರಿಕದ ಕರೆಂಟು, ನೂರ ಇಪ್ಪತ್ತು ವೋಲ್ಟು. ಇಲ್ಲಿ ಸವಾಯಿ ದ್ವೀಪದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಅಲ್ಲಿಯ ಮೀನಿನ ಕಾರ್ಖಾನೆಯಲ್ಲಿ ದುಡಿಯುವ ಮಗಳೋ ತಂಗಿಯೋ ಆಸೆಪಟ್ಟು ಕಳಿಸಿದ ಮಿಷನ್ನನ್ನು ತಂದು ಇಲ್ಲಿಯ ಸಾಕೆಟ್ಟಿಗೆ ಚುಚ್ಚಿದರೆ ಮೋಟಾರು ಒಮ್ಮೆ ಗುಂಯ್ ಎಂದು ಪ್ರಾಣ ಬಿಡುತ್ತದೆ. ಇದನ್ನು ಇಪ್ಪತ್ತೆರಡು ವರ್ಷ ಹೇಳಿ ಹೇಳಿ ಅವನ ಗಂಟಲು ಒಣಗಿತ್ತು. ಅಲ್ಲಿರುವವರೂ ಸಮೋವಾದವರೇ, ಇಲ್ಲಿರುವವರೂ ಸಮೋವಾದವರೇ, ಮಾತು ಒಂದು, ರಕ್ತ ಒಂದು, ದೇವರು ಒಬ್ಬ; ಕರೆಂಟು ಮಾತ್ರ ಬೇರೆಯಾದೀತೇ ಎಂದು ಜನ ನಗುತ್ತಿದ್ದರು. ಇಂಥ ವಾದಕ್ಕೆ ಉತ್ತರ ಕೊಡುವಷ್ಟು ತಾಳ್ಮೆ ಫೆರೆತಿಗೆ ಹುಟ್ಟಿನಿಂದಲೇ ಇರಲಿಲ್ಲ.

ರಾಜಧಾನಿ ಆಪಿಯಾದ ಮೋಟಾರು ವೈಂಡಿಂಗ್ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ಕೈ ಪಳಗಿಸಿ ಬಂದವನು ಅವನು. ಸಲೆಲೊಲೊಗಾದ ಹಡಗುಕಟ್ಟೆಯ ಹತ್ತಿರ ತಗಡಿನ ಶೆಡ್ಡು ಹಾಕಿಕೊಂಡಿದ್ದ. ಮೋಟಾರಿನ ವಿಷಯದಲ್ಲಿ ದ್ವೀಪದಲ್ಲೇ ಅವನನ್ನು ಮೀರಿಸುವವರಿಲ್ಲ, ಬೈಗುಳದ ವಿಷಯದಲ್ಲಿಯೂ ಇಲ್ಲ. ಒಮ್ಮೆ ಚರ್ಚಿನವರು ಅವನನ್ನು ಸಂಡೇ ಸ್ಕೂಲಿನ ಪಾಠಕ್ಕೆ ಹಚ್ಚಿದ್ದರು. ಎರಡನೆಯ ವಾರವೇ ಅವನು ನೋಹನ ನಾವೆಗೆ ಒಂದೇ ಬಾಗಿಲಿಟ್ಟದ್ದು ಶುದ್ಧ ದಡ್ಡತನ ಎಂದು ಮಕ್ಕಳಿಗೆ ಚಿತ್ರ ಬರೆದು ತೋರಿಸಿದ. ಮೂರನೆಯ ವಾರ ಅವನನ್ನು ಯಾರೂ ಕರೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಲೇಪೆಕಾಳ ಮನೆಯಿಂದ ಕರೆ ಬಂತು. ಲೇಪೆಕಾ ಊರಿನ ಹೆಂಗಸರ ಸಂಘಕ್ಕೆ ಹಿರಿಯಳು, ಅವಳ ಮಾತಿಗೆ ಎದುರಾಡುವವರಿಲ್ಲ. ಮಗಳು ಆನಾ ಪಾಗೊದಿಂದ ಮಿಷನ್ನು ಕಳಿಸಿದ್ದಳು. ಇಂಥದ್ದು ಮನೆಗೆ ಬಂದರೆ ಸುಮ್ಮನೆ ಚಾಲೂ ಮಾಡುವ ಹಾಗುಂಟೇ? ಮಂಗಳವಾರ ಚರ್ಚಿನ ಅಯ್ಯನವರನ್ನು ಕರೆಸಿ, ಬಳಗವನ್ನೆಲ್ಲ ಚಾಪೆಯ ಮೇಲೆ ಕೂರಿಸಿ, ಪ್ರಾರ್ಥನೆ ಮಾಡಿಸಿದ್ದರು. ಮೊದಲ ಒಗೆತಕ್ಕೆ ಅಯ್ಯನವರದೇ ಬಿಳಿ ಕೋಟು. ಗುಂಡಿ ಒತ್ತಿದ್ದೂ ಅಯ್ಯನವರೇ. ಆಮೆನ್ ಎಂದ ಬಾಯಿ ಮುಚ್ಚುವುದರೊಳಗೆ ಹಿಂದಿನಿಂದ ಹೊಗೆ ಬಂದಿತ್ತು.

ಅಯ್ಯನವರು ಒತ್ತಿ ಸುಟ್ಟರು ಎನ್ನಲು ಯಾರಿಗೂ ಬಾಯಿಲ್ಲ. ಹಾಗಾಗಿ ತಪ್ಪು ಸಲೀಸಾಗಿ ಸೊಸೆಯ ಕಡೆ ಹರಿಯಿತು. ಸೊಸೆ ಲೂಪೆ ದ್ವೀಪದ ಇನ್ನೊಂದು ತುದಿಯ ಫಲೆಯಲುಪೊ ಕಡೆಯ ಹುಡುಗಿ. ಗಂಡ ಸೇಬು ಕೀಳಲು ನ್ಯೂಜಿಲೆಂಡಿಗೆ ಹೋದವನು ಇನ್ನೂ ಬಂದಿಲ್ಲ. ಅವಳು ಅಯ್ಯನವರ ಕೋಟಿನ ಅಡಿಗೆ ತನ್ನ ಹಳೆಯ ಲಂಗವನ್ನೂ ತುರುಕಿದ್ದಳಂತೆ, ಅದಕ್ಕೇ ಹೀಗಾಯಿತಂತೆ. ಮೂರು ದಿನದಿಂದ ಮನೆಯಲ್ಲಿ ಯಾರೂ ಅವಳನ್ನು ಮಾತಾಡಿಸಿರಲಿಲ್ಲ. ಫೆರೆತಿ ನೋಡಿ ಹೇಳಲಿ, ಅವಳ ಕೈಯಿಂದಲೇ ಕೆಟ್ಟದ್ದಾದರೆ ನಾಳೆಯ ಬಸ್ಸಿಗೆ ತಾಯಿಯ ಮನೆಗೆ ಹತ್ತಿಸುತ್ತೇನೆ ಎಂದು ಲೇಪೆಕಾ ಹೇಳಿಬಿಟ್ಟಿದ್ದಳು.

ಫೆರೆತಿ ಚೀಲ ಹಿಡಿದು ಹೋದಾಗ ಅಯ್ಯನವರೂ ಬಂದು ಕಂಬಕ್ಕೊರಗಿ ಕೂತಿದ್ದರು. ಅಲ್ಲಿಯ ರೂಢಿಯಂತೆ ಬರೀ ಕಂಬಗಳ, ಗೋಡೆಯಿಲ್ಲದ ಮನೆ, ನೋಡುವವರಿಗೆ ಬರವೇ? ಒಬ್ಬ ಉಪ್ಪುಗಾಳಿ ಹೊಡೆದಿದೆ ಎಂದ. ಇನ್ನೊಬ್ಬ ಮಗ್ಗುಲಿಗೆ ಎರಡು ಗುದ್ದಿದರೆ ಸರಿಹೋಗುತ್ತದೆ ಎಂದ, ಆಗಲೇ ಗುದ್ದಿಯೂ ನೋಡಿದ್ದನಂತೆ. ಎಲ್ಲರಿಗೂ ಅಷ್ಟು ಗೊತ್ತಿದ್ದ ಮೇಲೆ ನನ್ನನ್ನೇಕೆ ಕರೆಸಿದಿರಿ ಎಂದು ಫೆರೆತಿ ಗುರುಗುಟ್ಟಿ, ತಂತಿಯನ್ನು ಕಂಬದ ಸಾಕೆಟ್ಟಿನಿಂದ ಕಿತ್ತು ಕೆಲಸಕ್ಕೆ ಕೂತ.

ಮೊದಲು ಸಾಕೆಟ್ಟಿನ ಕರೆಂಟು ನೋಡಿದ, ಇತ್ತು. ಮುಚ್ಚಳದ ಸ್ವಿಚ್ಚು ಸರಿಯಾಗಿತ್ತು. ತೊಟ್ಟಿಯನ್ನು ಕೈಯಿಂದ ತಿರುಗಿಸಿದ, ಸಲೀಸಾಗಿ ತಿರುಗಿತು, ಬೆಲ್ಟೂ ಹರಿದಿರಲಿಲ್ಲ. ಹಿಂದಿನ ತಗಡು ಬಿಚ್ಚುತ್ತಿದ್ದಂತೆ ಸುಟ್ಟ ವಾರ್ನಿಶಿನ ವಾಸನೆ ಮೂಗಿಗೆ ಹೊಡೆಯಿತು. ಆದರೂ ಮೀಟರು ಹಚ್ಚಿ ನೋಡದೆ ಹೇಳುವವನಲ್ಲ. ಮೋಟಾರಿನ ತುದಿಗಳಿಗೆ ಹಚ್ಚಿದ, ಮುಳ್ಳು ಮಿಸುಕಲಿಲ್ಲ. ಒಳಗಿನ ತಾಮ್ರದ ಸುತ್ತು ಸುಟ್ಟು ಕಡಿದಿತ್ತು. ಕೇಳುವುದೇ ಬೇಡ, ಅದೇ ಹಳೆಯ ಕಥೆ. ಈ ವರ್ಷಕ್ಕೆ ಇದು ಒಂಬತ್ತನೆಯದು.

ಪಾಗೊದ ಚಪ್ಪಟೆ ಪ್ಲಗ್ಗು ಇಲ್ಲಿಯ ಸಾಕೆಟ್ಟಿಗೆ ಹೋಗುವುದೇ ಇಲ್ಲ. ದೇವರು ಅಷ್ಟಾದರೂ ತಡೆ ಇಟ್ಟಿದ್ದಾನೆ. ಅದನ್ನೂ ಕತ್ತರಿಸಿ ಇಲ್ಲಿಯ ಪ್ಲಗ್ಗು ಹಾಕಿದ ಕತ್ತೆ ಯಾವುದು ಎಂದು ಕೇಳಲು ಅವನು ಬಾಯಿ ತೆರೆದ, ತಂತಿಯನ್ನೂ ಎತ್ತಿ ಹಿಡಿದ. ಹಿಡಿದವನು ಪ್ಲಗ್ಗನ್ನು ತಿರುಗಿಸಿ ನೋಡಿದ. ಬಿಸಿಲಿಗೆ ಹಳದಿಗಟ್ಟಿದ ಆ ಪ್ಲಗ್ಗು ಅವನ ಶೆಡ್ಡಿನದೇ.

ಹೋದ ಶನಿವಾರ ಅವನು ಒಂದು ಮಿಷನ್ನಿನ ಕೆಳಗೆ ಬೆನ್ನಡಿಯಾಗಿ ಮಲಗಿದ್ದ, ಮೂಗಿನ ಮೇಲೆ ಗ್ರೀಸು ತೊಟ್ಟಿಕ್ಕುತ್ತಿತ್ತು. ಯಾರೋ ಹುಡುಗಿ ಬಂದಿದ್ದಳು. ಪಾಗೊದಿಂದ ಬಂದದ್ದು, ಪ್ಲಗ್ಗೊಂದು ಬದಲಾಯಿಸಿದರೆ ಸಾಕೇ, ಬೇರೇನಾದರೂ ಮಾಡಬೇಕೇ ಎಂದು ಕೇಳಿದ್ದಳು. ಪ್ಲಗ್ಗು ಬೇಕೋ ಪ್ರಸಂಗ ಬೇಕೋ ಎಂದು ಅವನು ಕಿರುಚಿ, ಡಬ್ಬಿಯಿಂದ ಒಂದನ್ನು ತೆಗೆದು ಎಸೆದಿದ್ದ. ಮುಖ ನೋಡಿರಲಿಲ್ಲ. ಕಂಡದ್ದು ಎರಡು ಪಾದ ಮಾತ್ರ.

ಪ್ಲಗ್ಗು ಬಿಚ್ಚಿ ನೋಡಿದ. ಒಂದೊಂದು ತಂತಿಯೂ ಅದರದರ ಜಾಗದಲ್ಲಿ, ತಿರುಪು ಬಿಗಿಯಾಗಿ ಕೂತಿತ್ತು. ಅಡುಗೆಯೊಲೆಯ ಹತ್ತಿರ ಲೂಪೆ ಕೋಕೋ ಕುದಿಸುತ್ತಿದ್ದಳು; ಶನಿವಾರ ಅವನು ಕಂಡದ್ದು ಅದೇ ಎರಡು ಪಾದ.

ಅವಳ ಕೈಯಿಂದಲೇ ಹೀಗಾಯಿತೋ ಹೇಗೆ ಎಂದು ಲೇಪೆಕಾ ಕೇಳಿದಳು. ಫೆರೆತಿಯ ತಲೆಯಲ್ಲಿ ಸುಳ್ಳುಗಳು ಸಾಲುಗಟ್ಟಿ ಬಂದವು. ಇಲಿ ಕಡಿದಿದೆ ಎಂದರೆ, ಮನೆ ಚೊಕ್ಕಟ ಇಡದ ಸೊಸೆಯ ತಪ್ಪು. ಉಪ್ಪುಗಾಳಿ ಎಂದರೆ, ಮಿಷನ್ನಿಗೆ ಬಟ್ಟೆ ಹೊದಿಸದ ಸೊಸೆಯ ತಪ್ಪು. ಎಂಥ ಮನೆ ಇದು, ಯಾವ ತಂತಿ ಹಿಡಿದರೂ ಅದೇ ಹುಡುಗಿಯ ಕಾಲಿಗೆ ಹೋಗಿ ಸುತ್ತಿಕೊಳ್ಳುತ್ತದೆ ಎಂದು ಅವನಿಗೆ ರೋಸಿಹೋಯಿತು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೇ ನಾಚಿಕೆಯಾಯಿತು. ಮೀಟರು ಚೀಲಕ್ಕೆ ಹಾಕಿ, ಚಾಪೆಯ ಮೇಲೆ ಬಂದು ಅಯ್ಯನವರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ. ಹಾಗೆ ಕೂತು ಆಡುವ ಮಾತು ತೂಕದ್ದು ಎಂದು ಎಲ್ಲರಿಗೂ ಗೊತ್ತು.

"ತಪ್ಪು ನಂದು, ಲೇಪೆಕಕ್ಕ," ಎಂದ. "ಹೋದ ಶನಿವಾರ ಈ ಹುಡುಗಿ ನನ್ನ ಹತ್ರ ಬಂದು, ಪಾಗೊದ್ದು, ಬರೀ ಪ್ಲಗ್ ಹಾಕಿದ್ರೆ ಸಾಕಾ ಅಂತ ಕೇಳಿದ್ಲು. ನಾನು ತಲೆ ಎತ್ತಿ ನೋಡ್ಲಿಲ್ಲ. ಬೈದು ಕಳಿಸ್ದೆ. ಇಪ್ಪತ್ತೆರಡು ವರ್ಷದಲ್ಲಿ ಕೇಳ್ಬೇಕಾದ್ದನ್ನ ಮೊದ್ಲೇ ಬಂದು ಕೇಳಿದೋಳು ಇವಳೊಬ್ಬಳೇ."

ಅಯ್ಯನವರು ಮೂರು ದಿನದಿಂದ ಕಟ್ಟಿಕೊಂಡಿದ್ದ ಉಸಿರನ್ನು ಉದ್ದಕ್ಕೆ ಬಿಟ್ಟರು. ಫೆರೆತಿ ತನ್ನ ಶೆಡ್ಡಿನಲ್ಲಿ ತೊಟ್ಟಿ ತುಕ್ಕು ತಿಂದ ಪಾಗೊ ಮಿಷನ್ನೊಂದಿದೆ, ಅದರ ಮೋಟಾರು ಚೆನ್ನಾಗಿದೆ, ತಂದು ಕೂರಿಸುತ್ತೇನೆ ಎಂದ. ಕರೆಂಟು ತಗ್ಗಿಸುವ ಪೆಟ್ಟಿಗೆ ತನ್ನ ಮನೆಯಲ್ಲಿರುವುದು ಒಂದೇ, ಅದನ್ನೂ ತರುತ್ತೇನೆ ಎಂದ. ಹೆಂಡತಿಗೆ ಏನು ಹೇಳುವುದು ಎಂಬುದು ಆಮೇಲಿನ ಮಾತು.

ಲೇಪೆಕಾಳಿಗೆ ಅದೊಂದೂ ಕಿವಿಗೆ ಬಿದ್ದಂತಿರಲಿಲ್ಲ. ಅವಳು ಸೊಸೆಯ ಕಡೆ ತಿರುಗಿದ್ದಳು.

"ಮೂರು ದಿನ ಬಾಯಿ ಬಿಡ್ಲಿಲ್ವಲ್ಲೇ. ಇವನನ್ನ ಕೇಳಿದ್ದೆ ಅಂತ ಹೇಳಕ್ಕೇನಾಗಿತ್ತು ನಿಂಗೆ?"

ಲೂಪೆ ಕೋಕೋದ ಲೋಟವನ್ನು ಮೊದಲು ಅಯ್ಯನವರ ಮುಂದೆ, ಆಮೇಲೆ ಫೆರೆತಿಯ ಮುಂದೆ ಇಟ್ಟಳು. ಮಂಗಳವಾರದ ಆ ಬಿಳಿ ಕೋಟನ್ನು ಕೈಯಲ್ಲೇ ತಿಕ್ಕಿ ಅವಳ ಗೆಣ್ಣುಗಳ ಚರ್ಮ ಸುಲಿದುಹೋಗಿತ್ತು.

"ಹೇಳಿದ್ರೆ ನೀವು ಇವರ ಮೇಲೆ ಜಗಳಕ್ಕೆ ಹೋಗ್ತಿದ್ರಿ ಅತ್ತೆ, ಇವರು ಬರ್ತಾನೇ ಇರ್ಲಿಲ್ಲ," ಎಂದಳು. "ನಿಮಗೆಲ್ಲ ಯಾರ ತಪ್ಪು ಅಂತ ಬೇಕಿತ್ತು. ನಂಗೆ ಮಿಷನ್ನು ಬೇಕಿತ್ತು. ಈ ಮನೇಲಿ ಒಗೆಯೋಳು ನಾನು."